ಹಳದಿ ಗೇಟಿನೊಳಗಿನ ಸದ್ದು

ಮಾರಿಕ್ಕಣ್ಣುವಿನ ಬಲಗೈಯ ಎರಡು ಬೆರಳು ಹೋದದ್ದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ. ಹನ್ನೊಂದಕ್ಕೆಲ್ಲ ಮಿಲ್ಲಿನವರು ಕಾಗದ ಬರೆದು ಮುಗಿಸಿದ್ದರು. 'ಕೆಲಸಗಾರಳ ಅಜಾಗರೂಕತೆ' ಎಂದು ಅದರಲ್ಲಿತ್ತು. ಬಲಗೈಗೆ ಬಟ್ಟೆ ಸುತ್ತಿದ್ದರಿಂದ ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವಳನ್ನು ಆಸ್ಪತ್ರೆಗೆ ಒಯ್ಯಬೇಕಾದ ವ್ಯಾನು ಆಗಿನ್ನೂ ಬಂದಿರಲಿಲ್ಲ.

ಪೇಚ್ಚಿಯಮ್ಮಾಳ್ ಎರಡು ಯಂತ್ರದಾಚೆ ನಿಂತಿದ್ದಳು. ನೂಲುವ ಯಂತ್ರದ ಕೊನೆಯಲ್ಲಿ ಹಲ್ಲುಗಾಲಿಗಳ ಪೆಟ್ಟಿಗೆ ಇರುತ್ತದೆ. ಹತ್ತಿಯ ಜುಂಗು ತುಂಬಿಕೊಂಡರೆ ಯಂತ್ರ ನಿಲ್ಲಿಸಿ, ಮುಚ್ಚಳ ತೆಗೆದು, ಕೈಹಾಕಿ ಕೀಳಬೇಕು. ಮಾರಿಕ್ಕಣ್ಣು ಕೀಳುತ್ತಿದ್ದಳು. ಆ ತುದಿಯಿಂದ ಫಿಟ್ಟರ್ "ಕೈ ತೆಗಿ, ಚಾಲೂ ಮಾಡ್ತೀನಿ" ಎಂದು ಕೂಗಿದ. ಎರಡು ಸಲ ಕೂಗಿದೆ ಎಂದು ಆಮೇಲೆ ಆಣೆ ಇಟ್ಟ. ಕೂಗಿರಬಹುದು. ಮಾರಿಕ್ಕಣ್ಣುವಿಗೆ ಕೇಳಲಿಲ್ಲ. ಪೇಚ್ಚಿಗೂ ಕೇಳಲಿಲ್ಲ. ಮಾರಿಕ್ಕಣ್ಣುವಿನ ಬಾಯಿ ತೆರೆದುಕೊಂಡದ್ದು ಮಾತ್ರ ಅವಳಿಗೆ ಕಂಡಿತು. ಆ ಚೀರಾಟವೂ ಕೇಳಲಿಲ್ಲ. ಬಿಳಿ ಜುಂಗಿನ ಮೇಲೆ ಕೆಂಪು ಹರಡಿದ್ದನ್ನು ನೋಡಿ ಓಡಿದಳು.

ಆ ಶೆಡ್ಡಿನಲ್ಲಿ ಅರವತ್ತು ಯಂತ್ರಗಳಿದ್ದವು. ಒಂದೊಂದಕ್ಕೂ ನೂಲು ಹೊಸೆಯುವ ಸಾವಿರ ಕದುರು. ಎಲ್ಲ ಕದುರುಗಳೂ ಒಟ್ಟಿಗೆ ತಿರುಗಿದರೆ ಎದೆಗೂಡು ಅದುರುತ್ತದೆ. ಎಳೆ ತುಂಡಾದಲ್ಲಿಗೆ ಓಡಬೇಕು, ಬೆರಳ ತುದಿಯಲ್ಲಿ ಹೊಸೆದು ಜೋಡಿಸಬೇಕು, ಮುಂದಿನದಕ್ಕೆ ಓಡಬೇಕು. ಕಾಗದದಲ್ಲಿ ಎಂಟು ಗಂಟೆ, ಕಾಲಿನಲ್ಲಿ ಹನ್ನೆರಡು ಗಂಟೆ. ಊರಾಚೆಯ ಎರುಕ್ಕಂಪಟ್ಟಿ ಕಾಲನಿಯ ದಲಿತ ಹೆಂಗಸರೆಲ್ಲ ಇದೇ ಖಾತೆಯಲ್ಲಿದ್ದರು. ಊರೊಳಗಿನ ಜಾತಿಯ ಹೆಂಗಸರಿಗೆ ಪ್ಯಾಕಿಂಗ್ ಖಾತೆ. ಅಲ್ಲಿ ಫ್ಯಾನು ಇತ್ತು, ಕೂರಲು ಸ್ಟೂಲು ಇತ್ತು, ರೇಡಿಯೋ ಹಾಕುತ್ತಿದ್ದರು. ಹೀಗೇ ಹಂಚಬೇಕೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಹಂಚುವವರಿಗೆ ಬರೆದುಕೊಳ್ಳುವ ಅಗತ್ಯವೂ ಇರಲಿಲ್ಲ.

ಪೇಚ್ಚಿ ಆ ಹಳದಿ ಗೇಟಿನೊಳಗೆ ಕಾಲಿಟ್ಟಾಗ ಹದಿನೆಂಟು ವರ್ಷ. ಈಗ ಮೂವತ್ತೈದು. ಮೊದಲ ವರ್ಷ ಮನೆಗೆ ಬಂದ ಮೇಲೂ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಊಟ ಮಾಡಿ ಮಲಗಿದರೆ ನಿಲ್ಲುತ್ತಿತ್ತು. ಮೂರನೆಯ ವರ್ಷಕ್ಕೆ ಮಲಗಿದರೂ ನಿಲ್ಲಲಿಲ್ಲ. ಆಮೇಲೆ ಹಕ್ಕಿಗಳು ಹೋದವು. ಆಮೇಲೆ ಮಕ್ಕಳ ದನಿ. ಗಂಡಸರು ಗಡುಸಾಗಿ ಮಾತಾಡಿದರೆ ಅಷ್ಟಿಷ್ಟು ಹಿಡಿಯುತ್ತಿತ್ತು, ಹೆಂಗಸರ ಮಾತು ನೀರಿನೊಳಗಿಂದ ಬಂದ ಹಾಗೆ. ಮಗಳು ಹಿಂದಿನಿಂದ ಕರೆದು ಕರೆದು ಬೇಸತ್ತು, ಕರೆಯುವುದನ್ನೇ ಬಿಟ್ಟಿದ್ದಳು. ಬಂದು ಸೆರಗು ಜಗ್ಗುತ್ತಿದ್ದಳು.

ಸೂಪರ್‌ವೈಸರ್ ದಂಡಪಾಣಿ ಸೆರಗು ಜಗ್ಗುತ್ತಿರಲಿಲ್ಲ. ಕಾಲನಿಯವರ ಸೆರಗು ಮುಟ್ಟುವವನಲ್ಲ ಅವನು. ನೂಲು ಸುತ್ತುವ ಖಾಲಿ ಬಾಬಿನ್ ಎತ್ತಿ ಬೆನ್ನಿಗೆ ಎಸೆಯುತ್ತಿದ್ದ. ಎಸೆದು, ತಿರುಗಿ ನೋಡಿದವಳಿಗೆ ಬೆರಳು ಮಾಡಿ ಕರೆಯುತ್ತಿದ್ದ. ಪೇಚ್ಚಿಯ ಬೆನ್ನಿನ ಮೇಲೆ ಹೆಬ್ಬೆಟ್ಟಿನಗಲದ ಕಪ್ಪು ಕಲೆಗಳಿದ್ದವು. "ಕಿವುಡಿಯರ ಕೈಲಿ ದುಡಿಸೋದು ಅಂದ್ರೆ ಎಮ್ಮೆ ಕಾದ ಹಾಗೆ ಕಣಯ್ಯಾ, ಬಾಯಿ ಸಾಲದು, ಕಲ್ಲೂ ಬೇಕು" ಎಂದು ಅವನು ಕ್ಯಾಂಟೀನಿನಲ್ಲಿ ಹೇಳಿ ನಗಿಸುತ್ತಿದ್ದ.

ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ನಡೆಯುತ್ತಿತ್ತು. ಬಿಳಿ ಅಂಗಿಯವನೊಬ್ಬ ಕ್ಯಾಂಟೀನಿನ ಮೇಜಿನ ಮೇಲೆ ರಿಜಿಸ್ಟರ್ ತೆರೆದು ಕೂರುತ್ತಿದ್ದ. ಹೆಂಗಸರು ಸಾಲು ನಿಲ್ಲಬೇಕು.

"ಕೇಳುತ್ತಾ?" ಎಂದು ಅವನು ತಲೆಯೆತ್ತದೆ ಕೇಳುತ್ತಿದ್ದ.

"ಏನು ಸಾರ್?"

"ನಾರ್ಮಲ್. ಮುಂದಿನೋರು ಬನ್ನಿ."

ಸಹಿ ಬರುವವರು ಸಹಿ ಹಾಕುತ್ತಿದ್ದರು, ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಅರ್ಧ ಗಂಟೆಯಲ್ಲಿ ನೂರಾ ನಲವತ್ತು ಜನರ ಕಿವಿ ಸರಿಯಾಗಿಬಿಡುತ್ತಿತ್ತು.

ಹದಿನೈದು ದಿನ ಕಳೆದು ಮಾರಿಕ್ಕಣ್ಣು ಕಟ್ಟು ಕಟ್ಟಿದ ಕೈಯಲ್ಲೇ ಕೆಲಸಕ್ಕೆ ಹೋದಳು. ನಿನ್ನ ಹೆಸರು ಪಟ್ಟಿಯಲ್ಲಿಲ್ಲ ಎಂದು ಗೇಟಿನಲ್ಲಿ ಹೇಳಿ ಕಳಿಸಿದರು.

* * *

ಮದುರೆಯ ಕಾರ್ಮಿಕ ಹೆಂಗಸರ ಸಂಘದಿಂದ ಯಾಳಿನಿ ಎಂಬ ಹುಡುಗಿ ಭಾನುವಾರಗಳಂದು ಕಾಲನಿಗೆ ಬರುತ್ತಿದ್ದಳು. ಇಪ್ಪತ್ತೈದರ ಆಸುಪಾಸು. ಓದಿದವಳು, ಸ್ಕೂಟರಿನಲ್ಲಿ ಒಬ್ಬಳೇ ಬರುತ್ತಿದ್ದಳು, ಯಾರು ಏನು ಕೊಟ್ಟರೂ ತಿನ್ನುತ್ತಿದ್ದಳು. ಮಾರಿಕ್ಕಣ್ಣುವಿನಿಂದ ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕಿಸಿದ್ದು ಅವಳೇ. ಚಾವಡಿಯಲ್ಲಿ ಏಳೆಂಟು ಹೆಂಗಸರನ್ನು ಕೂರಿಸಿಕೊಂಡು ಫೋನಿನಲ್ಲಿ ಸಂದರ್ಶನದ ವಿಡಿಯೋ ಹಿಡಿಯುವುದನ್ನು ಕಲಿಸಿದಳು.

"ಬರೆದದ್ದನ್ನ ಅವ್ರು ತಿದ್ತಾರೆ. ಮುಖಾನ, ಮಾತನ್ನ ತಿದ್ದೋದು ಕಷ್ಟ" ಎಂದಳು.

ಫೋನು ಅಡ್ಡ ಹಿಡಿಯಿರಿ. ಹಿಡಿಯುವ ಮುಂಚೆ ಸೆರಗಿನಿಂದ ಕ್ಯಾಮೆರಾದ ಕಣ್ಣು ಒರೆಸಿ. ಮಾತಾಡುವವರ ಬೆನ್ನಿಗೆ ಕಿಟಕಿ ಬೇಡ, ಮುಖ ಕಪ್ಪಾಗುತ್ತದೆ. ಕಣ್ಣಿನ ಎತ್ತರಕ್ಕೇ ಇರಲಿ, ಮೇಲಿನಿಂದ ಹಿಡಿದರೆ ಅವರು ಬೇಡುವವರ ಹಾಗೆ ಕಾಣುತ್ತಾರೆ. ಆ ಮಾತು ಪೇಚ್ಚಿಗೆ ಹಿಡಿಸಿತು. ಫ್ಯಾನು ಆರಿಸಿ. ತಗಡಿನ ಮಾಡಿನ ಕೆಳಗೆ ಬೇಡ. ಗೋಡೆಗೆ ಕೌದಿ ತೂಗುಹಾಕಿದರೆ ಮಾತು ಗುಂಯ್‌ಗುಡುವುದಿಲ್ಲ. ಇಯರ್‌ಫೋನಿನ ವೈರಿನಲ್ಲಿರುವ ಪುಟ್ಟ ಮೈಕನ್ನು ಅವರ ಕುತ್ತಿಗೆಯಿಂದ ಗೇಣು ಕೆಳಗೆ ಪಿನ್ನು ಹಾಕಿ ಸಿಕ್ಕಿಸಿ. ಪ್ರಶ್ನೆ ಕೇಳಿದ ಮೇಲೆ ನೀವು ಬಾಯಿ ಮುಚ್ಚಿ, ಹೂಂಗುಟ್ಟಬೇಡಿ, ತಲೆ ಆಡಿಸಿ ಸಾಕು.

"ಚಿತ್ರ ಸ್ವಲ್ಪ ಮಸುಕಾದ್ರೂ ಜನ ನೋಡ್ತಾರೆ ಅಕ್ಕಾ. ಮಾತು ಕೇಳಿಸದಿದ್ರೆ ಎದ್ದು ಹೋಗ್ತಾರೆ. ಹಿಡಿದ ಮೇಲೆ ಕಿವಿಗೆ ಹಾಕ್ಕೊಂಡು ಕೇಳಿ, ಸರಿಯಾಗಿದೆಯಾ ಅಂತ."

ಪೇಚ್ಚಿ ಕಿವಿಗೆ ಹಾಕಿಕೊಂಡಳು. ತೆಗೆದಳು. "ನನ್ನ ಕಿವಿಗೆ ಹಾಕೋದೂ ಒಂದೇ, ಆ ಕಂಬಕ್ಕೆ ಹಾಕೋದೂ ಒಂದೇ ಕಣಮ್ಮಾ" ಎಂದಳು.

ಯಾಳಿನಿಯ ಮುಖ ನಾಚಿಕೆಯಿಂದ ಕೆಂಪಾಯಿತು. ಆಮೇಲೆ ಫೋನಿನ ಪರದೆಯಲ್ಲಿ ದನಿಯ ಜೊತೆ ಏರಿ ಇಳಿಯುವ ಪಟ್ಟಿಯನ್ನು ತೋರಿಸಿದಳು. ಹಸಿರಿದ್ದರೆ ಸರಿ. ಕೆಂಪಾದರೆ ದನಿ ಒಡೆಯಿತು ಎಂದರ್ಥ. ಪೇಚ್ಚಿ ಅದನ್ನು ನೋಡಿಯೇ ಕಲಿತಳು. ಉಳಿದವರಿಗಿಂತ ಬೇಗ ಕಲಿತಳು. ತುಂಡಾದ ಎಳೆಯನ್ನು ಹತ್ತು ಹೆಜ್ಜೆ ದೂರದಿಂದ ಗುರುತಿಸುವ ಕಣ್ಣು ಅವಳದು.

ಮೊದಲು ಕೂರಿಸಿದ್ದು ಮಾರಿಕ್ಕಣ್ಣುವನ್ನೇ. ಅವಳ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಕೋಳಿಗಳನ್ನು ಬುಟ್ಟಿಯೊಳಗೆ ಮುಚ್ಚಿ ಅಕ್ಕಪಕ್ಕದವರ ಕೌದಿಗಳನ್ನೆಲ್ಲ ತಂದು ಗೋಡೆಗೆ ಹಾಕಿದರು. ಒಳಗೆ ಅಟ್ಟದ ಮೇಲೆ ಮಾವು ಹಣ್ಣಿಗಿಟ್ಟ ಹಾಗೆ ಸೆಕೆ. ಮಾರಿಕ್ಕಣ್ಣು ಮದುವೆಗೆ ಉಟ್ಟ ಸೀರೆ ಉಟ್ಟು ಬಂದು ಕೂತಳು.

"ನಿನ್ನ ಹೆಸರು, ಎಷ್ಟು ವರ್ಷದಿಂದ ಕೆಲಸ, ಹೇಳಕ್ಕಾ" ಎಂದಳು ಪೇಚ್ಚಿ.

"ಮಾರಿಕ್ಕಣ್ಣು. ಇಪ್ಪತ್ತೊಂದು ವರ್ಷ."

ಪಟ್ಟಿ ಒಂದೇ ನೆಗೆತಕ್ಕೆ ಕೆಂಪಾಯಿತು. ಮಾರಿಕ್ಕಣ್ಣು ಕೂಗಿದ್ದಳು. ಆಚೆ ಬೀದಿಯ ನಾಯಿ ಬೊಗಳಿತು.

"ಮೆಲ್ಲಗೆ ಅಕ್ಕಾ" ಎಂದಳು ಯಾಳಿನಿ.

"ಮೆಲ್ಲಗೇ ಹೇಳ್ತಿದೀನಲ್ಲ" ಎಂದು ಮಾರಿಕ್ಕಣ್ಣು ಕೂಗಿದಳು.

ಪೇಚ್ಚಿ ಮೈಕನ್ನು ಕುತ್ತಿಗೆಯಿಂದ ಸೊಂಟಕ್ಕೆ ಇಳಿಸಿದಳು. ಆಗಲೂ ಕೆಂಪು. ಮಾರಿಕ್ಕಣ್ಣು ಹೇಳುತ್ತ ಹೋದಳು. ಬೆರಳು ಹೋದದ್ದು ಹೇಳಿದಳು. ಈಗ ಅನ್ನ ಕಲಸಲು ಆಗುವುದಿಲ್ಲ, ಎಡಗೈಯಲ್ಲಿ ಉಣ್ಣುವುದಕ್ಕೆ ನಾಚಿಕೆ, ಯಾರಿಲ್ಲದಾಗ ಉಣ್ಣುತ್ತೇನೆ ಎಂದಳು. ಕೊನೆಗೆ, "ಹಿಂದೆ ನಮ್ಮಂಥೋರು ಕೇಳಬಾರದ್ದು ಕೇಳಿದ್ರೆ ಕಿವಿಗೆ ಸೀಸ ಕಾಸಿ ಹುಯ್ತಿದ್ರಂತೆ. ಇವ್ರು ಸೀಸದ ಖರ್ಚೂ ಮಾಡಲಿಲ್ಲ. ದುಡಿಸಿ ದುಡಿಸಿಯೇ ಮುಚ್ಚಿದ್ರು" ಎಂದಳು.

ಆ ತಿಂಗಳು ಹನ್ನೊಂದು ಜನರ ಮಾತು ಹಿಡಿದರು. ಹನ್ನೊಂದು ಜನವೂ ಕೂಗಿದರು.

* * *

ಮುಂದಿನ ಭಾನುವಾರ ಯಾಳಿನಿ ಬಂದಾಗ ಮುಖ ಸಪ್ಪಗಿತ್ತು. ಸಂಘದಲ್ಲಿ ವಿಡಿಯೋ ಕೆಲಸ ಗೊತ್ತಿದ್ದವರಿಗೆ ತೋರಿಸಿದ್ದಳು. ದನಿ ಪೂರಾ ಒಡೆದಿದೆ, ಏನೂ ಮಾಡಲು ಬರುವುದಿಲ್ಲ ಎಂದರಂತೆ. ನೋಡಿದವರಿಗೆ ಇವರು ಜಗಳಕ್ಕೆ ನಿಂತ ಹಾಗೆ ಅನಿಸುತ್ತದೆ, ಕನಿಕರ ಹುಟ್ಟುವುದಿಲ್ಲ ಎಂದೂ ಹೇಳಿದರಂತೆ.

"ಅದಕ್ಕೊಂದು ದಾರಿ ಹೇಳಿದಾರೆ ಅಕ್ಕಾ. ನಿಮ್ಮ ಮುಖ ಹಾಗೇ ಇರುತ್ತೆ. ಮಾತನ್ನ ಮಾತ್ರ ಬೇರೆ ಯಾರಾದ್ರೂ, ಒಳ್ಳೇ ದನಿ ಇರೋರು, ನಿಧಾನವಾಗಿ ಓದ್ತಾರೆ. ಸ್ಟುಡಿಯೋದಲ್ಲಿ."

ಪೇಚ್ಚಿ ಅವಳ ತುಟಿಯನ್ನೇ ನೋಡುತ್ತಿದ್ದಳು. ಮಿಲ್ಲಿನೊಳಗೆ ಉಳಿದ ಹೆಂಗಸರ ಜೊತೆ ಹದಿನೇಳು ವರ್ಷದಿಂದ ಹಾಗೆಯೇ ಮಾತಾಡಿಕೊಂಡಿದ್ದಳು, ತುಟಿಯಿಂದ ತುಟಿಗೆ. ಒಂದು ಅಕ್ಷರವೂ ತಪ್ಪಲಿಲ್ಲ.

"ಯಾರು ಓದ್ತಾರೆ?"

"ಯಾರಾದ್ರೂ. ಕಾಲೇಜು ಹುಡುಗಿ."

"ಅವಳ ಬೆರಳು ಹತ್ತೂ ಇದಾವಾ?"

ಯಾಳಿನಿ ಫೋನನ್ನು ಮಡಿಲಿಗೆ ಇಳಿಸಿದಳು.

"ಕಿವಿ ಕಿತ್ಕೊಂಡ್ರು. ಬೆರಳು ಕಿತ್ಕೊಂಡ್ರು. ಉಳಿದದ್ದು ಗಂಟಲೊಂದು. ಅದು ಚೆನ್ನಾಗಿಲ್ಲ ಅಂತ ನೀನೂ ಕಿತ್ಕೋತೀಯೇನಮ್ಮಾ? ಕನಿಕರ ಬೇಕು ಅಂತ ನಿನ್ನ ಹತ್ರ ಯಾರು ಕೇಳಿದ್ರು? ನಾವು ಯಾಕೆ ಕೂಗ್ತೀವಿ ಅಂತ ಅವ್ರು ಕೇಳಬೇಕಿತ್ತು. ಕೇಳಲಿಲ್ಲ. ನೀನೂ ಕೇಳಲಿಲ್ಲ."

ಪೇಚ್ಚಿ ಎದ್ದು ಹೊರಗೆ ಹೋಗಿ, ತೊಟ್ಟಿಯ ನೀರಿನಲ್ಲಿ ಮುಖ ತೊಳೆದು ಬಂದಳು. ಯಾಳಿನಿ ಅಳುತ್ತಿದ್ದಳು. ಅದನ್ನು ನೋಡಿ ಪೇಚ್ಚಿಗೆ ಇನ್ನಷ್ಟು ಸಿಟ್ಟು ಬಂತು. ಸಮಾಧಾನ ಮಾಡುವ ಕೆಲಸವೂ ತನ್ನ ತಲೆಗೇ ಬಂತಲ್ಲ ಎನಿಸಿತು. ಅವಳು ಸಮಾಧಾನ ಮಾಡಲಿಲ್ಲ. ಯಾಳಿನಿಯೇ ಕಣ್ಣೊರೆಸಿಕೊಂಡು, "ಯಾಕೆ ಕೂಗ್ತೀರಿ ಅನ್ನೋದನ್ನ ಹೇಗೆ ತೋರಿಸೋದು, ಹೇಳಿ" ಎಂದಳು.

"ಒಳಗಿನ ಸದ್ದು ಹಿಡೀತೀನಿ."

"ಫೋನು ಬಿಡಲ್ಲವಲ್ಲ."

"ಬಿಡಲ್ಲ. ಒಯ್ತೀನಿ."

ಗೇಟಿನಲ್ಲಿ ಕಾವಲು ಹೆಂಗಸೊಬ್ಬಳು ಪ್ರತಿಯೊಬ್ಬಳ ಮೈ ತಡವಿ ಒಳಗೆ ಬಿಡುತ್ತಿದ್ದಳು. ಊಟದ ಡಬ್ಬಿ ತೆಗೆಸಿ, ಗಂಜಿಯಲ್ಲಿ ಚಮಚ ಆಡಿಸಿ ನೋಡುತ್ತಿದ್ದಳು. ಕಾಲನಿಯವರನ್ನು ತಡವುವಾಗ ಕೈಗವಸು ಹಾಕಿಕೊಳ್ಳುತ್ತಿದ್ದಳು. ಮುಟ್ಟಾದವರು ಮೊದಲೇ ಹೇಳಬೇಕು, ಅದಕ್ಕೊಂದು ಪುಸ್ತಕವಿತ್ತು, ಹೆಸರಿನ ಮುಂದೆ ಗುರುತು ಹಾಕುತ್ತಿದ್ದರು. ಗುರುತು ಬಿದ್ದವಳಿಗೆ ಆ ಪಾಳಿಯಲ್ಲಿ ಪಾಯಿಖಾನೆಗೆ ಇನ್ನೊಂದು ಸಲ ಹೋಗಲು ಅಪ್ಪಣೆ.

ಮಂಗಳವಾರ ಪೇಚ್ಚಿ ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಹಳೆ ಸೀರೆಯ ತುಂಡು ಸುತ್ತಿ, ತೊಡೆಯ ಸಂದಿಗೆ ಬಿಗಿದು ಕಟ್ಟಿಕೊಂಡಳು. ನಡೆದರೆ ಒತ್ತುತ್ತಿತ್ತು. ಗೇಟಿನಲ್ಲಿ "ಮುಟ್ಟು" ಎಂದಳು. ಕಾವಲಿನವಳ ಮುಖ ಹುಳ್ಳಗಾಯಿತು. ಭುಜ ತಡವಿದಳು, ಸೊಂಟದವರೆಗೆ ಬಂದು ಕೈ ಹಿಂತೆಗೆದುಕೊಂಡಳು. "ಹೋಗು ಹೋಗು" ಎಂದಳು.

ಇಷ್ಟು ವರ್ಷ ಆ ಹೇಸಿಗೆಯನ್ನು ಪೇಚ್ಚಿ ತಲೆ ತಗ್ಗಿಸಿ ನುಂಗಿದ್ದಳು. ಅವತ್ತು ಮೊದಲ ಸಲ ಅದು ಉಪಯೋಗಕ್ಕೆ ಬಂತು.

ಪಾಯಿಖಾನೆಯಲ್ಲಿ ಫೋನು ಬಿಚ್ಚಿ, ಏಪ್ರನ್ನಿನ ಒಳಜೇಬಿಗೆ ಹಾಕಿದಳು. ಜೇಬಿಗೆ ಮೊದಲೇ ಸಣ್ಣ ತೂತು ಮಾಡಿಟ್ಟಿದ್ದಳು, ಕ್ಯಾಮೆರಾದ ಕಣ್ಣಿಗೆ ಸರಿಯಾಗಿ. ಶೆಡ್ಡಿಗೆ ಬಂದು ಮಾರಿಕ್ಕಣ್ಣುವಿನ ಯಂತ್ರದ ಎದುರು ಕೆಲಸ ಶುರು ಮಾಡಿದಳು. ಈಗ ಅಲ್ಲಿ ತಂಗಮಯಿಲ್ ಎಂಬ ಹೊಸ ಹುಡುಗಿ ಇದ್ದಳು. ಕಾಗದದಲ್ಲಿ ಅವಳಿಗೆ ಹದಿನೆಂಟು. ಕೆನ್ನೆ ನೋಡಿದರೆ ಹದಿನಾರೂ ಅನ್ನಿಸುತ್ತಿರಲಿಲ್ಲ. ಬಂದು ಎರಡು ವಾರವಾಗಿತ್ತು. ಹತ್ತಿಯ ಚೂರುಗಳನ್ನು ಕಿವಿಗೆ ತುರುಕಿಕೊಂಡಿದ್ದಳು.

ದಂಡಪಾಣಿ ಬಂದ. ಹುಡುಗಿಯ ಕಿವಿಯ ಹತ್ತಿಯನ್ನು ದೂರದಿಂದಲೇ ಕಂಡ. ಬಾಬಿನ್ ಎತ್ತಿ ಎಸೆದ. ಅದು ಅವಳ ಕುತ್ತಿಗೆಯ ಹಿಂದೆ ಬಡಿಯಿತು. ಅವಳು ತಿರುಗಿದಾಗ, ಕಿವಿಯಿಂದ ತೆಗೆ ಎಂದು ಸನ್ನೆ ಮಾಡಿದ. "ಮಿಲ್ಲಿನ ಹತ್ತಿ ಕದೀತೀಯೇನೇ" ಎಂದು ಅವನ ತುಟಿ ಆಡಿತು. ಹುಡುಗಿ ಎರಡೂ ಕಿವಿಯಿಂದ ಹತ್ತಿ ತೆಗೆದು ನೆಲಕ್ಕೆ ಹಾಕಿದಳು.

ಪೇಚ್ಚಿಯ ಏಪ್ರನ್ನಿನೊಳಗೆ ಫೋನು ಓಡುತ್ತಿತ್ತು. ಅವಳು ಆ ಯಂತ್ರದ ಎದುರಿನಿಂದ ಕದಲದೆ, ಇಪ್ಪತ್ತು ನಿಮಿಷ ಎಳೆ ಜೋಡಿಸಿದಳು.

* * *

ವಿಚಾರಣೆ ಗುರುವಾರ ಹನ್ನೆರಡಕ್ಕೆ. ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ಅವನ ಮೇಜಿನೆದುರು ಕುರ್ಚಿಗಳು ನಾಲ್ಕೇ. ಒಂದರಲ್ಲಿ ಮಿಲ್ಲಿನ ವಕೀಲ, ಇನ್ನೊಂದರಲ್ಲಿ ದಂಡಪಾಣಿ. ಮೂರನೆಯದರ ಮೇಲೆ ವಕೀಲನ ಚೀಲ. ಮಾರಿಕ್ಕಣ್ಣು ನಿಂತಿದ್ದಳು. ಪೇಚ್ಚಿ ನಾಲ್ಕನೆಯ ಕುರ್ಚಿಯನ್ನು ಎಳೆದು "ಕೂರಕ್ಕಾ" ಎಂದಳು. ಅವಳು ಕೂತಳು, ತುದಿಯಲ್ಲಿ. ಪೇಚ್ಚಿ, ಯಾಳಿನಿ ಗೋಡೆಗೆ ಒರಗಿ ನಿಂತರು. ಕೂಗಿ ಮಾತಾಡಿದ್ದ ಹನ್ನೊಂದು ಜನರಲ್ಲಿ ಆರು ಜನ ವರಾಂಡದಲ್ಲಿದ್ದರು. ಉಳಿದವರಿಗೆ ರಜೆ ಕೊಡಲಿಲ್ಲ.

ಅಧಿಕಾರಿ ಐವತ್ತು ದಾಟಿದವನು. ಕೆಟ್ಟವನ ಹಾಗೆ ಕಾಣಲಿಲ್ಲ. ಊಟದ ಹೊತ್ತಿಗೆ ಮುಗಿಸಬೇಕು ಎನ್ನುವವನ ಹಾಗೆ ಕಂಡ.

ವಕೀಲ ಕಾಗದಗಳನ್ನು ಜೋಡಿಸಿದ. ಮೂರು ವರ್ಷದ ಕಿವಿ ಪರೀಕ್ಷೆಯ ಪತ್ರಗಳು. ಮಾರಿಕ್ಕಣ್ಣುವಿನ ಹೆಬ್ಬೆಟ್ಟು, ಎದುರಿಗೆ ನಾರ್ಮಲ್. "ಫಿಟ್ಟರ್ ಎಚ್ಚರಿಕೆ ಕೊಟ್ಟಿದಾರೆ ಸಾರ್. ಕೇಳಿಸಿದೆ. ಗಮನ ಕೊಡಲಿಲ್ಲ. ಗಮನ ಇಲ್ಲದಿದ್ರೆ ಏನಾಗುತ್ತೋ ಅದಾಗಿದೆ" ಎಂದ.

ಯಾಳಿನಿ ಸಂಘದ ಸಭೆಗಳಿಗೆ ಬಳಸುವ ಸ್ಪೀಕರನ್ನು ತಂದಿದ್ದಳು. ಮೊದಲು ಮಾರಿಕ್ಕಣ್ಣುವಿನ ಸಂದರ್ಶನ ತೋರಿಸಿದರು. ದನಿ ಚರಚರ ಒಡೆಯುತ್ತಿತ್ತು. ಅಧಿಕಾರಿ ಹುಬ್ಬು ಗಂಟಿಕ್ಕಿದ.

"ಯಾಕಮ್ಮಾ ಈ ಯಮ್ಮ ಜಗಳಾಡೋ ಹಾಗೆ ಕೂಗ್ತಾರೆ? ಸಮಾಧಾನವಾಗಿ ಹೇಳಿದ್ರೆ ಅರ್ಥ ಆಗಲ್ವಾ?"

"ಕೂಗ್ತಿಲ್ಲ ಸಾರ್" ಎಂದಳು ಪೇಚ್ಚಿ. "ಅದು ಅವಳ ಮಾತು. ಅವಳ ಗಂಡನ ಹತ್ರಾನೂ ಹಾಗೇ ಆಡ್ತಾಳೆ, ದೇವರ ಹತ್ರಾನೂ ಹಾಗೇ ಆಡ್ತಾಳೆ. ತನ್ನ ದನಿ ತನಗೇ ಕೇಳಬೇಕಲ್ಲ."

ವಕೀಲ ನಕ್ಕ. "ಇದನ್ನ ಸಾಕ್ಷಿ ಅಂತ ತಂದಿದಾರೆ ಸಾರ್. ಬರೀ ಗದ್ದಲ. ಹೇಳಿಕೊಟ್ಟು ಕೂಗಿಸಿದಾರೆ ಅಂತ ಚಿಕ್ಕ ಮಗೂಗೂ ಗೊತ್ತಾಗುತ್ತೆ."

ಪೇಚ್ಚಿ ಫೋನನ್ನು ಯಾಳಿನಿಯ ಕೈಯಿಂದ ತೆಗೆದುಕೊಂಡಳು. ಇನ್ನೊಂದು ವಿಡಿಯೋ ತೆರೆದಳು. ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು.

ಅರವತ್ತು ಯಂತ್ರಗಳು ಆ ಸಣ್ಣ ಕೋಣೆಗೆ ನುಗ್ಗಿದವು. ಮೇಜಿನ ಗಾಜು ಗಿಲಿಗಿಲಿ ಎಂದಿತು. ಲೋಟದ ನೀರು ನಡುಗಿತು. ವಕೀಲ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ. ವರಾಂಡದಿಂದ ಗುಮಾಸ್ತರು ಓಡಿಬಂದು ಬಾಗಿಲಲ್ಲಿ ನಿಂತರು. ಅಧಿಕಾರಿ ಕೈ ಆಡಿಸಿದ. ಅವನ ಬಾಯಿ ಆಡಿತು. "ನಿಲ್ಲಿಸಮ್ಮಾ."

ಪೇಚ್ಚಿ ಅವನ ತುಟಿ ನೋಡಿದಳು. ನಿಲ್ಲಿಸಲಿಲ್ಲ.

ಅವನು ಎದ್ದು ನಿಂತ. ಕುತ್ತಿಗೆಯ ನರ ಉಬ್ಬಿತು. "ನಿಲ್ಲಿಸು ಅಂದೆ."

"ಕೇಳಿಸ್ತಿಲ್ಲ ಸಾರ್" ಎಂದಳು ಪೇಚ್ಚಿ.

"ನಿಲ್ಲಿಸು."

"ಕೇಳಿಸ್ತಿಲ್ಲ. ಫಿಟ್ಟರ್ ಕೂಗಿದ್ದೂ ಹೀಗೇ ಸಾರ್. ಬಾಯಿ ಕಾಣುತ್ತೆ, ಅಷ್ಟೇ. ಮಾರಿಕ್ಕಣ್ಣು ಬೆನ್ನು ತಿರುಗಿಸಿ ನಿಂತಿದ್ಲು, ಅದೂ ಕಾಣಲಿಲ್ಲ."

ಪರದೆಯ ಮೇಲೆ ಬಾಬಿನ್ ಹಾರಿ ಬಂದು ಹುಡುಗಿಯ ಕುತ್ತಿಗೆಗೆ ಬಡಿಯಿತು. ಅಧಿಕಾರಿ ನೋಡಿದ. ಎಸೆದ ಕೈ ಯಾರದೆಂದು ನೋಡಿದ. ದಂಡಪಾಣಿ ತನ್ನ ಚಪ್ಪಲಿ ನೋಡಿಕೊಂಡ.

ಆಮೇಲೆ ಪೇಚ್ಚಿ ತಾನಾಗಿಯೇ ನಿಲ್ಲಿಸಿದಳು. ಗಡಿಯಾರ ನೋಡಿ ಹೇಳಿದಳು: "ಎರಡು ನಿಮಿಷ ಆಗಲಿಲ್ಲ ಸಾರ್. ಈ ಡಬ್ಬಿಯಲ್ಲಿ ಅರ್ಧ ಸದ್ದೂ ಬರಲ್ಲ. ನಾನು ಹದಿನೇಳು ವರ್ಷ ನಿಂತೆ. ದಿನಕ್ಕೆ ಹನ್ನೆರಡು ಗಂಟೆ. ಈಗ ಆ ಕಾಗದ ಓದಿ. ನಾರ್ಮಲ್ ಅಂತ ಗಟ್ಟಿಯಾಗಿ ಓದಿ."

ಅಧಿಕಾರಿ ಓದಲಿಲ್ಲ. ಕೂತು, ಕರ್ಚೀಫಿನಿಂದ ಹಣೆ ಒರೆಸಿಕೊಂಡ.

ವಕೀಲ ಚೇತರಿಸಿಕೊಂಡ. "ಸಾರ್, ಮಿಲ್ಲಿನೊಳಗೆ ಫೋನು ನಿಷೇಧ. ಕಳ್ಳತನದಿಂದ ಒಯ್ದಿದಾರೆ. ಇದೇ ದೊಡ್ಡ ಅಪರಾಧ. ಹೇಗೆ ಒಯ್ದೆಮ್ಮಾ, ಹೇಳು. ಯಾರು ಸಹಾಯ ಮಾಡಿದ್ರು?"

"ಮುಟ್ಟಿನ ಬಟ್ಟೆ ಒಳಗೆ ಕಟ್ಕೊಂಡು ಹೋದೆ" ಎಂದಳು ಪೇಚ್ಚಿ. ದನಿ ತಗ್ಗಿಸಲಿಲ್ಲ. ತಗ್ಗಿಸಲು ಅವಳಿಗೆ ಬರುತ್ತಲೂ ಇರಲಿಲ್ಲ. ವರಾಂಡದ ತುದಿಯವರೆಗೂ ಕೇಳಿತು. "ನಿಮ್ಮ ಕಾವಲಿನವಳು ಸೊಂಟದಿಂದ ಕೆಳಗೆ ಕೈ ಹಾಕಲಿಲ್ಲ. ಕಾಲನಿಯವಳ ಮೈ, ಮೇಲೆ ಮುಟ್ಟು. ಹೇಸಿದ್ಲು. ಸಹಾಯ ಮಾಡಿದ್ದು ಅದೇ. ಬರ್ಕೊಳ್ಳಿ."

ಬಾಗಿಲಲ್ಲಿದ್ದ ಗುಮಾಸ್ತರು ನೆಲ ನೋಡಿದರು.

"ಒಳಗಿನದ್ದನ್ನ ಅಪ್ಪಣೆ ಇಲ್ಲದೆ ಹೊರಗೆ ತರೋ ಹಾಗಿಲ್ಲ" ಎಂದ ವಕೀಲ, ಈ ಸಲ ಅಧಿಕಾರಿಯ ಕಡೆ ತಿರುಗಿ.

ಅಲ್ಲಿಯವರೆಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ ಮಾರಿಕ್ಕಣ್ಣು ಎದ್ದಳು. ಮೂರೇ ಬೆರಳಿನ ಕೈಯನ್ನು ಅವನ ಕಾಗದಗಳ ಮೇಲೆ ಇಟ್ಟಳು. "ನನ್ನ ಎರಡು ಬೆರಳು ಒಳಗೇ ಇದಾವೆ. ಅದನ್ನ ತರೋಕೂ ನಿನ್ನ ಅಪ್ಪಣೆ ಬೇಕೇನಪ್ಪಾ?"

ವಕೀಲ ಕಾಗದಗಳನ್ನು ಎಳೆದುಕೊಂಡ. ಆ ಕೈ ಒತ್ತಿ ಇಟ್ಟಿದ್ದ ಒಂದು ಹಾಳೆ ಹರಿಯಿತು.

ಅಧಿಕಾರಿ ಬಹಳ ಹೊತ್ತು ಬರೆದ. ಆಮೇಲೆ ಓದಿ ಹೇಳಿದ. ನೂಲುವ ಖಾತೆಯ ಎಲ್ಲರ ಕಿವಿಯನ್ನೂ ಜಿಲ್ಲಾ ಆಸ್ಪತ್ರೆಯಲ್ಲಿ, ಮಿಲ್ಲಿನವರು ಯಾರೂ ಇಲ್ಲದೆ, ಪರೀಕ್ಷಿಸಬೇಕು. ಅಜಾಗರೂಕತೆ ಎಂಬ ಕಾಗದವನ್ನು ಅಲ್ಲಿಯವರೆಗೆ ಒಪ್ಪುವುದಿಲ್ಲ. ಮುಂದಿನ ವಿಚಾರಣೆ ತಿಂಗಳ ಮೇಲೆ. ವಕೀಲ ಆಕ್ಷೇಪ ಬರೆಸಿದ. ಫೋನು ಒಯ್ದ ಬಗ್ಗೆ ಮಿಲ್ಲು ತನ್ನ ಕ್ರಮ ತಾನು ತೆಗೆದುಕೊಳ್ಳುತ್ತದೆ ಎಂದೂ ಬರೆಸಿದ.

ಹೊರಗೆ ಬಂದಾಗ ಆರು ಹೆಂಗಸರೂ ಒಟ್ಟಿಗೆ "ಏನಾಯ್ತು" ಎಂದು ಕೂಗಿದರು. ರಸ್ತೆಯ ಜನ ತಿರುಗಿ ನೋಡಿದರು. ಯಾಳಿನಿ ಅವರಿಗೆ ಮೆಲ್ಲಗೆ ಮಾತಾಡಿ ಎನ್ನಲಿಲ್ಲ. ತಾನೂ ಕೂಗಿಯೇ ಹೇಳಿದಳು.

* * *

ಮರುದಿನ ಬೆಳಿಗ್ಗೆ ಹಳದಿ ಗೇಟಿನ ಮೇಲೆ ಒಂದು ಹಾಳೆ ಅಂಟಿಸಿದ್ದರು. ಪೇಚ್ಚಿಯಮ್ಮಾಳ್ ಎಂಬವಳನ್ನು ಅಮಾನತಿನಲ್ಲಿಡಲಾಗಿದೆ, ಅವಳ ಜೊತೆ ಮಾತಾಡುವ ಕೆಲಸಗಾರರ ಮೇಲೂ ಕ್ರಮ ಜರುಗಿಸಲಾಗುವುದು. ಕಾವಲಿನವಳು ಪೇಚ್ಚಿಯ ಮುಖ ನೋಡದೆ ಕೈ ಅಡ್ಡ ಹಿಡಿದಳು. ಒಟ್ಟಿಗೆ ವ್ಯಾನಿನಲ್ಲಿ ಬಂದಿದ್ದ ಹೆಂಗಸರು ತಲೆ ತಗ್ಗಿಸಿ ಒಳಗೆ ಹೋದರು. ಪೇಚ್ಚಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಅವಳೂ ಮೊನ್ನೆಯವರೆಗೆ ಹಾಗೇ ಹೋಗಿದ್ದವಳು, ಅದು ನೆನಪಾಗಿ ಆ ಸಿಟ್ಟು ಗೇಟಿನ ಕಡೆಗೇ ತಿರುಗಿತು.

ಮನೆಗೆ ಹೋಗಿ, ಗಂಜಿ ಕುಡಿದು, ಮಗಳ ಬಟ್ಟೆ ಒಗೆದಳು. ಪಾಳಿ ಬಿಡುವ ಹೊತ್ತಿಗೆ ವಾಪಸು ಬಂದಳು. ಗೇಟಿನ ಎದುರು, ರಸ್ತೆಯ ಆಚೆ ಬದಿಯಲ್ಲಿ ನಿಂತಳು. ಅದು ಸರ್ಕಾರದ ರಸ್ತೆ, ಯಾರ ಅಪ್ಪಣೆಯೂ ಬೇಡ. ಬಿಸಿಲಿಗೆ ಬೆನ್ನು ಮಾಡಿ, ಫೋನಿನ ಕಣ್ಣು ಒರೆಸಿ, ಇಯರ್‌ಫೋನಿನ ವೈರು ಬಿಡಿಸಿಕೊಂಡಳು.

ಪಾಳಿ ಬಿಟ್ಟಿತು. ತಲೆಗೂದಲಿಗೆಲ್ಲ ಹತ್ತಿ ಮೆತ್ತಿಕೊಂಡ ಹೆಂಗಸರು ಹೊರಗೆ ಬಂದರು. ಗೇಟಿನ ಪಕ್ಕ ದಂಡಪಾಣಿ ಪುಸ್ತಕ, ಪೆನ್ನು ಹಿಡಿದು ನಿಂತಿದ್ದ. ಯಾರು ರಸ್ತೆ ದಾಟುತ್ತಾರೆ ಎಂದು ನೋಡುತ್ತಿದ್ದ. ಯಾರೂ ದಾಟಲಿಲ್ಲ. ವ್ಯಾನಿನ ಕಡೆ ಸಾಲಾಗಿ ಹೋದರು. ಒಬ್ಬಿಬ್ಬರು ತುಟಿಯಲ್ಲಿ ಮಾತ್ರ "ಮನೆಗೆ ಬರ್ತೀನಿ" ಎಂದು ಹೇಳಿದರು. ಪೇಚ್ಚಿ ತಲೆ ಆಡಿಸಲಿಲ್ಲ.

ಕೊನೆಯಲ್ಲಿ ತಂಗಮಯಿಲ್ ಬಂದಳು. ವ್ಯಾನಿನ ಮೆಟ್ಟಿಲಿಗೆ ಕಾಲಿಟ್ಟವಳು ನಿಂತಳು. ಕುತ್ತಿಗೆಯ ಹಿಂಭಾಗ ಮುಟ್ಟಿಕೊಂಡಳು. ಕಾಲು ಕೆಳಗಿಳಿಸಿದಳು. ಲಾರಿಯೊಂದು ಹೋಗುವವರೆಗೆ ಕಾದು ರಸ್ತೆ ದಾಟಿದಳು.

ಪೇಚ್ಚಿ ಹುಡುಗಿಯ ಕೊರಳ ಹತ್ತಿರ ಮೈಕ್ ಸಿಕ್ಕಿಸಿದಳು. ಪಿನ್ನು ಬೆರಳಿಗೆ ಚುಚ್ಚಿತು. ಫೋನನ್ನು ಹುಡುಗಿಯ ಕಣ್ಣಿನ ಎತ್ತರಕ್ಕೆ ಹಿಡಿದಳು.

"ಹೆಸರು ಹೇಳು ತಾಯೀ. ಏನಾಯ್ತು ಹೇಳು."

ಹುಡುಗಿ ಹೇಳಿದಳು. ಅವಳ ಗಂಟಲು ಇನ್ನೂ ಹೊಸದು, ಕೂಗಲು ಕಲಿತಿರಲಿಲ್ಲ. ಪೇಚ್ಚಿಗೆ ಒಂದು ಅಕ್ಷರವೂ ಕೇಳಲಿಲ್ಲ. ತುಟಿ ಓದಿದಳು. ಹೆಸರು, ಊರು, ನಿಜವಾದ ವಯಸ್ಸು, ಬಾಬಿನ್. ಅಷ್ಟರಲ್ಲಿ ಗೇಟಿನಿಂದ ದಂಡಪಾಣಿ ಏನೋ ಅರಚಿದ. ಹುಡುಗಿಯ ತುಟಿ ನಿಂತಿತು. ಕಣ್ಣು ಆ ಕಡೆ ಹೋಯಿತು. ಅವನು ಪುಸ್ತಕದಲ್ಲಿ ಬರೆಯುತ್ತ ರಸ್ತೆಯ ಅಂಚಿಗೆ ಬಂದಿದ್ದ. ವ್ಯಾನಿನ ಕಿಟಕಿಗಳಿಂದ ಹೆಂಗಸರೆಲ್ಲ ನೋಡುತ್ತಿದ್ದರು.

ಪೇಚ್ಚಿ ಫೋನು ಇಳಿಸಲಿಲ್ಲ.

"ಇನ್ನೊಂದು ಸಲ ಹೇಳು" ಎಂದಳು. "ಗಟ್ಟಿಯಾಗಿ ಹೇಳು. ಅವನಿಗೂ ಕೇಳಲಿ."